ಹಕ್ಕಿನ ಲೆಕ್ಕ ಕಲಿಸಿದ ಅಲ್ ಖ್ವಾರಿಝ್ಮಿ

ಬೀಜಗಣಿತದ ಮನೆಪಾಠದ ಮುಂದೆ ಕುಳಿತ ನಿಮ್ಮ ಮಗ ಅಥವಾ ಮಗಳು ಇದರಿಂದೇನು ಪ್ರಯೋಜನ ಎಂದು ಕೇಳಿದರೆ ಏನು ಹೇಳುವಿರಿ? ಮುಹಮ್ಮದ್ ಬಿನ್ ಮೂಸಾ ಅಲ್ ಖ್ವಾರಿಝ್ಮಿಯವರ ಬದುಕನ್ನು ಹೇಳಿರಿ.

ಅವರು ಜನಿಸಿದ್ದು ಕ್ರಿ.ಶ. 780ರ ಸುಮಾರಿಗೆ. ಅರಲ್ ಸಮುದ್ರದ ದಕ್ಷಿಣಕ್ಕಿರುವ ಖ್ವಾರಿಝ್ಮ್ ನಾಡಿನಿಂದ ಅವರಿಗೆ ಆ ಹೆಸರು ಬಂತು. 813ರಿಂದ 833ರವರೆಗೆ ಆಳಿದ ಖಲೀಫಾ ಮಾಮೂನರ ಕಾಲದಲ್ಲಿ ಅವರು ಬಗ್ದಾದಿನ ಬೈತುಲ್ ಹಿಕ್ಮಾದ ವಿದ್ವಾಂಸರಾಗಿದ್ದರು. ಭಾರತೀಯ ಅಂಕಿಗಳಿಂದ ಲೆಕ್ಕ ಮಾಡುವ ಕ್ರಮವನ್ನು ವಿವರಿಸಿ ಗ್ರಂಥ ಬರೆದರು. ಅವರ ಇನ್ನೊಂದು ಗ್ರಂಥದ ಹೆಸರಿನಲ್ಲಿರುವ ಅಲ್‌ಜಬ್ರ್ ಎಂಬ ಪದದಿಂದಲೇ ಆಲ್ಜಿಬ್ರಾ ಎಂಬ ಹೆಸರು ಹುಟ್ಟಿತು.

ಅದನ್ನು ಅವರು ಬರೆದದ್ದು ಪಾಂಡಿತ್ಯ ಮೆರೆಸಲಿಕ್ಕಲ್ಲ. ವ್ಯಾಪಾರ, ಜಮೀನಿನ ಅಳತೆ, ಕಾಲುವೆಯ ಕೆಲಸ, ಆಸ್ತಿಯ ಪಾಲು ಇವುಗಳಲ್ಲಿ ಜನರಿಗೆ ನೆರವಾಗಲೆಂದು ಬರೆದರು. ಗ್ರಂಥದ ಸುಮಾರು ಅರ್ಧಭಾಗ ವಸಿಯ್ಯತ್ ಮತ್ತು ವಾರಸಿನ ಲೆಕ್ಕಗಳಿಗೇ ಮೀಸಲು.

ಅದರಲ್ಲಿನ ಒಂದು ಲೆಕ್ಕವನ್ನು ಮಕ್ಕಳೊಂದಿಗೆ ಬಿಡಿಸಿ ನೋಡಿರಿ. ಒಬ್ಬ ಸ್ತ್ರೀ ಪತಿ, ಒಬ್ಬ ಮಗ ಮತ್ತು ಮೂವರು ಹೆಣ್ಣುಮಕ್ಕಳನ್ನು ಬಿಟ್ಟು ತೀರಿಕೊಂಡಳು. ಆಸ್ತಿಯ ಎಂಟನೇ ಒಂದು ಹಾಗೂ ಏಳನೇ ಒಂದು ಭಾಗವನ್ನು ವಾರಸುದಾರನಲ್ಲದ ಒಬ್ಬನಿಗೆ ವಸಿಯ್ಯತ್ ಮಾಡಿದ್ದಳು. ಸಾಲವೇನೂ ಇಲ್ಲವೆಂದು ಇಟ್ಟುಕೊಳ್ಳಿರಿ.

ಮೊದಲು ವಸಿಯ್ಯತ್. ಆಸ್ತಿಯನ್ನು 56 ಭಾಗ ಮಾಡಿದರೆ ಎಂಟನೇ ಒಂದು 7, ಏಳನೇ ಒಂದು 8, ಒಟ್ಟು 15. ಉಳಿದದ್ದು 41.

ನಂತರ ವಾರಸು. ಪತಿಗೆ ಕಾಲು ಭಾಗ. ಉಳಿದ ಮುಕ್ಕಾಲನ್ನು ಐದು ಪಾಲು ಮಾಡಿ ಮಗನಿಗೆ ಎರಡು, ಹೆಣ್ಣುಮಕ್ಕಳಿಗೆ ಒಂದೊಂದು. ಅಂದರೆ 20ರಲ್ಲಿ ಪತಿಗೆ 5, ಮಗನಿಗೆ 6, ಪ್ರತಿ ಮಗಳಿಗೆ 3.

ಕೊನೆಗೆ ಎರಡನ್ನೂ ಜೋಡಿಸಿರಿ. 56ನ್ನು 20ರಿಂದ ಗುಣಿಸಿದರೆ 1120. ವಸಿಯ್ಯತ್ತಿಗೆ 300, ಪತಿಗೆ 205, ಮಗನಿಗೆ 246, ಪ್ರತಿ ಮಗಳಿಗೆ 123. ಕೂಡಿಸಿ ನೋಡಿರಿ, ಸರಿಯಾಗಿ 1120.

ಇಲ್ಲಿ ಒಂದು ಹಂತ ತಪ್ಪಿದರೆ ಕಳೆಯುವುದು ಅಂಕವಲ್ಲ, ಒಬ್ಬರ ಹಕ್ಕು. ಅಲ್ಲಾಹನು ನಿಶ್ಚಯಿಸಿದ ಪಾಲು ಅದು. ಮದುವೆಗೆ ಖರ್ಚು ಮಾಡಿದ್ದೇವೆಂದು, ಅವಳು ಕೇಳಲಿಲ್ಲವೆಂದು ತಂಗಿಯ 123ನ್ನು ನುಂಗಿದ ಅಣ್ಣಂದಿರು ನಮ್ಮ ನಡುವೆ ಇಲ್ಲವೇ? ಅವರಿಗೆ ಲೆಕ್ಕ ಬಾರದೆಂದಲ್ಲ, ಲೆಕ್ಕ ಮಾಡಲು ಮನಸ್ಸಿಲ್ಲ.

ಅಲ್ ಖ್ವಾರಿಝ್ಮಿ 850ರ ಸುಮಾರಿಗೆ ನಿಧನರಾದರು. ಹನ್ನೆರಡನೇ ಶತಮಾನದಲ್ಲಿ ಅವರ ಗ್ರಂಥಗಳು ಲ್ಯಾಟಿನ್ ಭಾಷೆಗೆ ಹೋದವು. ಹಂತಹಂತವಾಗಿ ಲೆಕ್ಕ ಬಿಡಿಸುವ ಕ್ರಮಕ್ಕೆ ಅಲ್ಗಾರಿದಂ ಎಂಬ ಹೆಸರು ಬಂದದ್ದು ಅವರ ಹೆಸರಿನಿಂದಲೇ.

ಇಂದು ರಾತ್ರಿ ಮಗುವಿನ ಲೆಕ್ಕವನ್ನು ನೀವೇ ಬರೆದುಕೊಡಬೇಡಿರಿ. ಜೊತೆಗೆ ಕುಳಿತು ಪ್ರತಿಯೊಂದು ಹಂತವನ್ನೂ ಬರೆಯಿಸಿರಿ. ನಾಳೆ ನಿಮ್ಮ ಆಸ್ತಿಯನ್ನು ಹಂಚುವ ಕೈ ಅದೇ.