ತಾಯಂದಿರ ರಕ್ಷಕ

ಊಟಕ್ಕೆ ಮೊದಲು ಕೈ ತೊಳೆಯಬೇಕೆಂಬ ಪಾಠವನ್ನು ನಾವೆಲ್ಲರೂ ಬಾಲ್ಯದಲ್ಲಿಯೇ ಮನೆಯ ಹಿರಿಯರಿಂದ ಕಲಿಯುತ್ತೇವೆ. ಆದರೆ ರೋಗಿಯನ್ನು ಮುಟ್ಟುವ ಮೊದಲು ವೈದ್ಯರು ಕೈ ತೊಳೆಯಬೇಕೆಂದು ಹೇಳಿದ್ದಕ್ಕಾಗಿಯೇ ವೈದ್ಯನೊಬ್ಬನು ತನ್ನ ಕಾಲದ ವಿದ್ವಾಂಸರ ತಿರಸ್ಕಾರಕ್ಕೆ ಗುರಿಯಾದನು. ಅವನೇ ಇಗ್ನಾಜ್ ಸೆಮ್ಮೆಲ್‌ವೈಸ್.

ಸೆಮ್ಮೆಲ್‌ವೈಸ್ 1818ರ ಜುಲೈ 1ರಂದು ಹಂಗೆರಿಯ ಬೂಡಾ ನಗರದಲ್ಲಿ ದಿನಸಿ ವ್ಯಾಪಾರಿಯೊಬ್ಬನ ಮಗನಾಗಿ ಜನಿಸಿದನು. ಕಾನೂನು ಓದಲೆಂದು 1837ರಲ್ಲಿ ವಿಯೆನ್ನಾ ನಗರಕ್ಕೆ ಹೋದ ತರುಣನ ಮನಸ್ಸು ವೈದ್ಯಶಾಸ್ತ್ರದ ಕಡೆಗೆ ತಿರುಗಿತು. 1844ರಲ್ಲಿ ಅವನು ವೈದ್ಯ ಪದವಿಯನ್ನು ಪಡೆದನು. 1846ರಲ್ಲಿ ಅಲ್ಲಿನ ದೊಡ್ಡ ಸಾರ್ವಜನಿಕ ಆಸ್ಪತ್ರೆಯ ಪ್ರಸೂತಿ ವಿಭಾಗದಲ್ಲಿ ಸಹಾಯಕ ವೈದ್ಯನಾದನು.

ಆ ಆಸ್ಪತ್ರೆಯಲ್ಲಿ ಎರಡು ಹೆರಿಗೆ ವಿಭಾಗಗಳಿದ್ದವು. ಮೊದಲನೆಯದರಲ್ಲಿ ವೈದ್ಯ ವಿದ್ಯಾರ್ಥಿಗಳೂ ಎರಡನೆಯದರಲ್ಲಿ ಸೂಲಗಿತ್ತಿಯರೂ ತರಬೇತಿ ಪಡೆಯುತ್ತಿದ್ದರು. ಎರಡನೆಯ ವಿಭಾಗದಲ್ಲಿ ನೂರಕ್ಕೆ ಮೂರು ನಾಲ್ಕು ಮಂದಿ ತಾಯಂದಿರು ಸಾಯುತ್ತಿದ್ದರೆ, ಮೊದಲನೆಯದರಲ್ಲಿ ಸುಮಾರು ಹತ್ತು ಮಂದಿ ಸಾಯುತ್ತಿದ್ದರು. ಹೆಚ್ಚಿನವರು ಬಲಿಯಾಗುತ್ತಿದ್ದುದು ಬಾಣಂತಿ ಜ್ವರಕ್ಕೆ. ಬಡ ಗರ್ಭಿಣಿಯರು ತಮ್ಮನ್ನು ಮೊದಲನೆಯ ವಿಭಾಗಕ್ಕೆ ಸೇರಿಸಬಾರದೆಂದು ಕಣ್ಣೀರಿಟ್ಟು ಬೇಡಿಕೊಳ್ಳುತ್ತಿದ್ದರು. ಕೆಟ್ಟ ಗಾಳಿಯೇ ಜ್ವರಕ್ಕೆ ಮೂಲವೆಂಬುದು ಅಂದಿನ ಪಂಡಿತರ ಮತವಾಗಿತ್ತು. ಆದರೆ ಒಂದೇ ಆಸ್ಪತ್ರೆಯ ಎರಡು ವಿಭಾಗಗಳಿಗೆ ಬೀಸುವ ಗಾಳಿ ಬೇರೆ ಬೇರೆಯಾಗಿರಲು ಸಾಧ್ಯವೇ? ಈ ಪ್ರಶ್ನೆ ಸೆಮ್ಮೆಲ್‌ವೈಸನ ನಿದ್ದೆಗೆಡಿಸಿತು.

1847ರಲ್ಲಿ ಅವನ ಮಿತ್ರ ಕೊಲೆಚ್ಕಾ ಎಂಬ ಪ್ರಾಧ್ಯಾಪಕನು ತೀರಿಕೊಂಡನು. ಶವಪರೀಕ್ಷೆಯ ಸಮಯದಲ್ಲಿ ವಿದ್ಯಾರ್ಥಿಯೊಬ್ಬನ ಚಾಕು ತಗುಲಿ ಆದ ಚಿಕ್ಕ ಗಾಯವೇ ಅವನ ಸಾವಿಗೆ ಕಾರಣವಾಗಿತ್ತು. ಮಿತ್ರನ ದೇಹದಲ್ಲಿ ಕಂಡ ಲಕ್ಷಣಗಳಿಗೂ ಬಾಣಂತಿ ಜ್ವರದ ಲಕ್ಷಣಗಳಿಗೂ ಹೋಲಿಕೆಯಿತ್ತು. ದುಃಖದ ನಡುವೆಯೇ ಸೆಮ್ಮೆಲ್‌ವೈಸನಿಗೆ ಸತ್ಯ ಹೊಳೆಯಿತು. ವೈದ್ಯರೂ ವಿದ್ಯಾರ್ಥಿಗಳೂ ಶವಗಳನ್ನು ಕೊಯ್ದು ಪರೀಕ್ಷಿಸಿ, ಅದೇ ಕೈಗಳಿಂದ ಹೆರಿಗೆಯ ಕೋಣೆಗೆ ಬರುತ್ತಿದ್ದರು. ಸೂಲಗಿತ್ತಿಯರು ಶವಗಳನ್ನು ಮುಟ್ಟುತ್ತಿರಲಿಲ್ಲ. ಕಾಪಾಡಬೇಕಾದ ಕೈಗಳೇ ಸಾವನ್ನು ಹೊತ್ತು ತರುತ್ತಿದ್ದವು!

ಈ ಸತ್ಯ ಮೊದಲು ಇರಿದುದು ಅವನನ್ನೇ. ರೋಗದ ಕಾರಣವನ್ನು ಹುಡುಕಲೆಂದು ಅವನಷ್ಟು ಶ್ರದ್ಧೆಯಿಂದ ಶವಪರೀಕ್ಷೆ ಮಾಡಿದವರು ವಿರಳ. ಆ ಶ್ರದ್ಧೆಯಿಂದಲೇ ಎಷ್ಟೋ ತಾಯಂದಿರು ಮಡಿದಿರಬೇಕೆಂಬುದನ್ನು ಅವನು ಮುಚ್ಚಿಡಲಿಲ್ಲ. ಮುಂದೆ ತನ್ನ ಗ್ರಂಥದಲ್ಲಿ ಅದನ್ನು ಒಪ್ಪಿಕೊಂಡನು.

1847ರ ಮೇ ತಿಂಗಳಲ್ಲಿ, ಕ್ಲೋರಿನ್ ಬೆರೆತ ಸುಣ್ಣದ ದ್ರಾವಣದಲ್ಲಿ ಕೈ ತೊಳೆಯದೆ ಯಾರೂ ಹೆರಿಗೆಯ ಕೋಣೆಯನ್ನು ಪ್ರವೇಶಿಸಬಾರದೆಂದು ಅವನು ನಿಯಮ ಮಾಡಿದನು. ಏಪ್ರಿಲ್‌ನಲ್ಲಿ ನೂರಕ್ಕೆ ಹದಿನೆಂಟರಷ್ಟಿದ್ದ ಸಾವು ಜೂನ್ ವೇಳೆಗೆ ಸುಮಾರು ಎರಡಕ್ಕೆ ಇಳಿಯಿತು. 1848ರ ಎರಡು ತಿಂಗಳುಗಳಲ್ಲಿ ಮೊದಲನೆಯ ವಿಭಾಗದಲ್ಲಿ ಒಬ್ಬ ತಾಯಿಯೂ ಸಾಯಲಿಲ್ಲ.

ಇಷ್ಟಾದರೂ ಅನೇಕ ವೈದ್ಯರು ಅವನ ಮಾತನ್ನು ಒಪ್ಪಲಿಲ್ಲ. ಕಣ್ಣಿಗೆ ಕಾಣದ ಕೊಳೆಯಲ್ಲಿ ಸಾವು ಅಡಗಿದೆಯೆಂಬುದು ಅವರಿಗೆ ವಿಚಿತ್ರವಾಗಿ ತೋರಿತು. ತಮ್ಮ ಕೈ ಅಶುದ್ಧವೆಂಬ ಮಾತು ಅವರ ಅಭಿಮಾನವನ್ನು ಕೆಣಕಿತು. 1849ರಲ್ಲಿ ಸೆಮ್ಮೆಲ್‌ವೈಸನ ಹುದ್ದೆಯ ಅವಧಿಯನ್ನು ಮುಂದುವರಿಸಲಿಲ್ಲ. ಅವನು ಹಂಗೆರಿಗೆ ಮರಳಿ, ಪೆಸ್ಟ್ ನಗರದ ಆಸ್ಪತ್ರೆಯಲ್ಲಿಯೂ ಅದೇ ನಿಯಮವನ್ನು ಜಾರಿಗೆ ತಂದು ಯಶಸ್ವಿಯಾದನು. ಆದರೆ ತನ್ನ ಸಂಶೋಧನೆಯನ್ನು ವಿವರಿಸುವ ಗ್ರಂಥವನ್ನು ಪ್ರಕಟಿಸಿದುದು 1861ರಷ್ಟು ತಡವಾಗಿ. ಅದಕ್ಕೂ ಮನ್ನಣೆ ದೊರೆಯದಿದ್ದಾಗ ಅವನು ತಾಳ್ಮೆಗೆಟ್ಟು ವಿರೋಧಿಗಳನ್ನು ಕೊಲೆಗಾರರೆಂದು ಬಹಿರಂಗವಾಗಿ ನಿಂದಿಸಿದನು. ಇದರಿಂದ ವಿರೋಧ ಇನ್ನೂ ಬಲಿಯಿತು.

ಕೊನೆಗೆ ಅವನ ಮನಸ್ಸಿನ ಸ್ವಾಸ್ಥ್ಯ ಕೆಟ್ಟಿತು. 1865ರಲ್ಲಿ ಅವನನ್ನು ವಿಯೆನ್ನಾದ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ವಾರಗಳಲ್ಲಿಯೇ, ಆಗಸ್ಟ್ 13ರಂದು, ಗಾಯವು ನಂಜಾಗಿ ಅವನು ಮರಣ ಹೊಂದಿದನು. ಆಗ ಅವನಿಗೆ 47 ವರ್ಷ. ಯಾವ ಬಗೆಯ ನಂಜಿನಿಂದ ತಾಯಂದಿರನ್ನು ಕಾಪಾಡಲು ಜೀವಮಾನವಿಡೀ ಹೆಣಗಿದನೋ ಅಂಥ ನಂಜಿಗೇ ಅವನು ತುತ್ತಾದನು.

ಮುಂದೆ ಲೂಯಿ ಪಾಶ್ಚರನ ಸಂಶೋಧನೆಗಳು ಸೂಕ್ಷ್ಮಜೀವಿಗಳೇ ರೋಗಕಾರಕಗಳೆಂದು ತೋರಿಸಿಕೊಟ್ಟವು. ಸೆಮ್ಮೆಲ್‌ವೈಸನ ಮಾತು ಸತ್ಯವೆಂದು ಲೋಕ ಒಪ್ಪಿತು. 1969ರಲ್ಲಿ ಬುಡಾಪೆಸ್ಟಿನ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ ಅವನ ಹೆಸರನ್ನಿಟ್ಟರು. ಕೈಯ ಕೊಳೆಯನ್ನು ತೊಳೆಯಲು ಸ್ವಲ್ಪ ನೀರು ಸಾಕು. ತನ್ನ ಕೈಯಲ್ಲಿ ಕೊಳೆಯಿದೆಯೆಂದು ಒಪ್ಪಿಕೊಳ್ಳಲು ಧೈರ್ಯ ಬೇಕು. ಆ ಧೈರ್ಯ ಸೆಮ್ಮೆಲ್‌ವೈಸನಲ್ಲಿತ್ತು.