ಡಾ. ಫ್ರಾನ್ಸಿಸ್ ಡೇ (1829–1889): ವ್ಯಕ್ತಿ ಪರಿಚಯ

ಮೂಡುಬಿದಿರೆ, ಬಂಟ್ವಾಳ ಮತ್ತು ಬೆಳ್ತಂಗಡಿ ಭಾಗದ ಸಾರ್ವಜನಿಕರಿಗೆ ಸಮುದ್ರದ ಮೀನು ಮಂಗಳೂರಿನ ಧಕ್ಕೆಯಿಂದ ಬರುತ್ತದೆ. ಹೊಳೆಮೀನು ನೇತ್ರಾವತಿ, ಫಲ್ಗುಣಿ ಹಾಗೂ ಅವುಗಳ ಉಪನದಿಗಳಲ್ಲಿ ದೊರೆಯುತ್ತದೆ. ಮನುಷ್ಯನ ಚಟುವಟಿಕೆಗಳಿಂದ ಈ ಮತ್ಸ್ಯ ಸಂಪತ್ತಿನ ಮೇಲೆ ಆಗುವ ಪರಿಣಾಮವನ್ನು ದೇಶಾದ್ಯಂತ ಕ್ರಮಬದ್ಧವಾಗಿ ಅಳೆಯಲು ಮೊದಲಿಗೆ ಶ್ರಮಿಸಿದವರಲ್ಲಿ ಡಾ. ಫ್ರಾನ್ಸಿಸ್ ಡೇ ಪ್ರಮುಖರು.

ಜನನ ಮತ್ತು ಸೇವೆ

ಇವರು 1829ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತ್ಯದಲ್ಲಿ ಜನಿಸಿದರು. ವೈದ್ಯ ಶಿಕ್ಷಣ ಪಡೆದು 1852ರಲ್ಲಿ ಮದರಾಸು ವೈದ್ಯಕೀಯ ಸೇವೆಗೆ ಸೇರಿದರು. ವೈದ್ಯ ವೃತ್ತಿಯ ಜೊತೆಗೆ ಮೀನುಗಳ ಅಧ್ಯಯನವನ್ನೂ ಕೈಗೊಂಡು, 1865ರಲ್ಲಿ ಮಲಬಾರಿನ ಮೀನುಗಳ ಕುರಿತ ಗ್ರಂಥವನ್ನು ಪ್ರಕಟಿಸಿದರು. ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ ಜಿಲ್ಲೆಯ ಹೊಳೆಮೀನುಗಳಲ್ಲಿ ಕೆಲವನ್ನು ವಿಜ್ಞಾನ ಲೋಕಕ್ಕೆ 1870ರಲ್ಲಿ ಮೊದಲಾಗಿ ಪರಿಚಯಿಸಿದವರೂ ಇವರೇ.

ಸಮೀಕ್ಷೆ ಮತ್ತು ವರದಿಗಳು

ಮೀನುಗಾರಿಕೆಯ ಇನ್ಸ್‌ಪೆಕ್ಟರ್ ಜನರಲ್ ಹುದ್ದೆಯಲ್ಲಿದ್ದಾಗ ಡಾ. ಡೇ ಅವರು ಭಾರತ ಮತ್ತು ಬರ್ಮಾ ದೇಶಗಳ ಮೀನುಗಾರಿಕೆಯ ಸಮೀಕ್ಷೆ ನಡೆಸಿದರು. ಕಂದಾಯ ಅಧಿಕಾರಿಗಳಿಗೆ ಪ್ರಶ್ನಾವಳಿ ಕಳುಹಿಸಿ, ಮೀನುಗಾರರ ಸಂಖ್ಯೆ, ಮಾರುಕಟ್ಟೆಗೆ ಬರುವ ಮೀನಿನ ಪ್ರಮಾಣ, ಬಲೆಯ ಕಣ್ಣಿನ ಅಳತೆ, ಮೀನು ಹೆಚ್ಚಿದೆಯೇ ಅಥವಾ ಕುಗ್ಗಿದೆಯೇ ಎಂಬ ವಿವರಗಳನ್ನು ಸಂಗ್ರಹಿಸಿದರು. ಈ ಉತ್ತರಗಳನ್ನು ಆಧರಿಸಿ 1873ರಲ್ಲಿ ಸಿಹಿನೀರು ಮತ್ತು ಸಮುದ್ರ ಮೀನುಗಾರಿಕೆಯ ಕುರಿತು ಪ್ರತ್ಯೇಕ ವರದಿಗಳನ್ನು ಸಲ್ಲಿಸಿದರು.

ಎರಡೂ ವರದಿಗಳು ಕಂಡುಕೊಂಡ ಕಾರಣಗಳು ಬೇರೆ ಬೇರೆ. ಹೊಳೆಗಳಲ್ಲಿ ಸಣ್ಣ ಕಣ್ಣಿನ ಬಲೆ, ವಿಷಪ್ರಯೋಗ, ಮರಿಗಳ ನಾಶ ಹಾಗೂ ಮೀನು ಮೇಲೇರದಂತೆ ತಡೆಯುವ ಅಣೆಕಟ್ಟುಗಳಿಂದ ಮೀನು ಕ್ಷೀಣಿಸುತ್ತಿತ್ತು. ಸಮುದ್ರದಲ್ಲಿ ಮುಖ್ಯ ತೊಡಕು ಉಪ್ಪಿನ ತೆರಿಗೆಯಾಗಿತ್ತು. ಉಪ್ಪು ದುಬಾರಿಯಾದ್ದರಿಂದ ಹಿಡಿದ ಮೀನನ್ನು ಸಂಸ್ಕರಿಸಲಾಗದೆ ಮೀನುಗಾರರು ಸಂಕಷ್ಟಕ್ಕೀಡಾಗಿದ್ದರು. ಮುಂದಿನ ವರ್ಷಗಳಲ್ಲಿ ಮದರಾಸು ಪ್ರಾಂತ್ಯದ ಕರಾವಳಿಯಲ್ಲಿ ತೆರಿಗೆ ವಿನಾಯಿತಿಯ ಉಪ್ಪು ದೊರೆಯುವ ಮೀನು ಸಂಸ್ಕರಣಾ ಅಂಗಳಗಳು ಸ್ಥಾಪನೆಯಾದವು.

ಶಾಸನ ಮತ್ತು ಗ್ರಂಥ

ಮರಿಮೀನುಗಳ ರಕ್ಷಣೆಗೆ ಶಾಸನ ಅಗತ್ಯವೆಂಬ ಡಾ. ಡೇ ಅವರ ಶಿಫಾರಸಿಗೆ ಅಧಿಕಾರಿಗಳಲ್ಲಿಯೇ ಭಿನ್ನಾಭಿಪ್ರಾಯವಿತ್ತು. ಬಡವರ ಜೀವನೋಪಾಯಕ್ಕೆ ಧಕ್ಕೆಯಾಗಬಹುದೆಂಬ ಆತಂಕವೂ ಇದ್ದಿತು. ಹೀಗಾಗಿ ವಿಷಯವು ದೀರ್ಘಕಾಲ ಇತ್ಯರ್ಥವಾಗದೆ ಉಳಿಯಿತು. 1875ರಿಂದ 1878ರವರೆಗೆ ಪ್ರಕಟವಾದ ಭಾರತದ ಮೀನುಗಳ ಕುರಿತ ಅವರ ಬೃಹತ್ ಗ್ರಂಥದಲ್ಲಿ 1,400ಕ್ಕೂ ಹೆಚ್ಚು ಜಾತಿಗಳ ವಿವರಗಳಿವೆ. 1877ರಲ್ಲಿ ನಿವೃತ್ತರಾದ ಅವರು 10 ಜುಲೈ 1889ರಂದು ಚೆಲ್ಟೆನ್‌ಹ್ಯಾಮ್‌ನಲ್ಲಿ ನಿಧನರಾದರು. ಎಂಟು ವರ್ಷಗಳ ತರುವಾಯ, 1897ರಲ್ಲಿ ಭಾರತೀಯ ಮೀನುಗಾರಿಕೆ ಅಧಿನಿಯಮವು ಜಾರಿಗೆ ಬಂದು, ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದು ಅಪರಾಧವಾಯಿತು.

ಇಂದಿನ ಪ್ರಸ್ತುತತೆ

ಡಾ. ಡೇ ಅವರ ಕಾಲದಲ್ಲಿ ಕಡಲಿನಲ್ಲಿ ಯಾಂತ್ರಿಕ ದೋಣಿಗಳಿರಲಿಲ್ಲ. ಇಂದು ಟ್ರಾಲ್ ಬಲೆ ಮತ್ತು ದೊಡ್ಡ ಬೀಸುಬಲೆಗಳ ಒತ್ತಡ ಸಮುದ್ರದ ಮೇಲೂ ಇದೆ. 1947ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಾಗರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯು ಬಂದರುಗಳಲ್ಲಿ ಇಳಿಯುವ ಬೂತಾಯಿ, ಬಂಗುಡೆ ಮುಂತಾದ ಮೀನುಗಳ ಪ್ರಮಾಣವನ್ನು ಮಾದರಿ ಸಮೀಕ್ಷೆಯ ಮೂಲಕ ಅಂದಾಜಿಸುತ್ತದೆ. ಕರ್ನಾಟಕ ಸಮುದ್ರ ಮೀನುಗಾರಿಕೆ (ನಿಯಂತ್ರಣ) ಅಧಿನಿಯಮ, 1986ರ ಅಡಿಯಲ್ಲಿ ಯಾಂತ್ರಿಕ ದೋಣಿಗಳಿಗೆ ಮಳೆಗಾಲದ ನಿಷೇಧಾವಧಿಯನ್ನು ವಿಧಿಸಲಾಗುತ್ತಿದೆ. 2017ರಲ್ಲಿ ಕೇಂದ್ರ ಸರ್ಕಾರವು ಬೆಳಕು ಹಾಯಿಸಿ ಮೀನು ಹಿಡಿಯುವುದನ್ನು ನಿಷೇಧಿಸಿತು. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ನದಿಯ ಮೀನುಗಳನ್ನು ದೇವರ ಮೀನುಗಳೆಂದು ಭಕ್ತರೇ ಕಾಪಾಡಿಕೊಂಡು ಬಂದಿರುವುದು ಅನುಕರಣೀಯ.

ದೋಣಿ ನೋಂದಣಿ ಮತ್ತು ಮೀನುಗಾರಿಕೆ ಪರವಾನಗಿಗಾಗಿ ಅರ್ಜಿ ಸಲ್ಲಿಸುವವರು ಬಲೆಯ ವಿಧ, ಕಣ್ಣಿನ ಅಳತೆ ಹಾಗೂ ಮೀನಿನ ಪ್ರಮಾಣದ ಬಗ್ಗೆ ಕೇಳಲಾಗುವ ಮಾಹಿತಿಯನ್ನು ಕೇವಲ ಔಪಚಾರಿಕತೆಯೆಂದು ಭಾವಿಸದೆ ನಿಖರವಾಗಿ ಒದಗಿಸಬೇಕಾಗಿ ಕೋರಲಾಗಿದೆ. ಮೀನು ಕುಗ್ಗುತ್ತಿರುವುದು ಸಕಾಲದಲ್ಲಿ ತಿಳಿಯಬೇಕಾದರೆ ಈ ಅಂಕಿ ಅಂಶಗಳೇ ಆಧಾರ.