ಕುದ್ಮುಲ್ ರಂಗರಾವ್ (1859–1928)

ವಿದ್ಯಾರ್ಥಿನಿಲಯ ಪ್ರವೇಶ, ವಿದ್ಯಾರ್ಥಿವೇತನ ಮುಂತಾದ ಸೌಲಭ್ಯಗಳನ್ನು ಕೋರಿ ಅರ್ಜಿ ಸಲ್ಲಿಸುವ ಸಾರ್ವಜನಿಕರ ಮಾಹಿತಿಗಾಗಿ, ಮಂಗಳೂರು ನಗರದಲ್ಲಿ ದಲಿತ ಮಕ್ಕಳಿಗೆಂದೇ ಶಾಲೆಗಳನ್ನು ತೆರೆದ ಕುದ್ಮುಲ್ ರಂಗರಾಯರ ಜೀವನ ಪರಿಚಯವನ್ನು ಇಲ್ಲಿ ನೀಡಲಾಗಿದೆ.

ರಂಗರಾಯರು 1859ನೇ ಇಸವಿ ಜೂನ್ 29ರಂದು ಕಾಸರಗೋಡಿನ ಸಾರಸ್ವತ ಬ್ರಾಹ್ಮಣ ಕುಟುಂಬವೊಂದರಲ್ಲಿ ಜನಿಸಿದರು. ಕಾಸರಗೋಡು ಆಗ ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. ಹದಿಹರೆಯದಲ್ಲಿಯೇ ತಂದೆಯನ್ನು ಕಳೆದುಕೊಂಡ ಅವರು ಜೀವನೋಪಾಯಕ್ಕಾಗಿ ಮಂಗಳೂರಿಗೆ ಬಂದು ಅಲ್ಪ ವೇತನದ ಶಿಕ್ಷಕ ವೃತ್ತಿಯನ್ನು ಕೈಗೊಂಡರು. ತದನಂತರ ಪ್ಲೀಡರ್ ಪರೀಕ್ಷೆಯಲ್ಲಿ ಉತ್ತೀರ್ಣರಾಗಿ ವಕೀಲಿಯನ್ನು ಆರಂಭಿಸಿದರು. ಹಣ ತೆರಲಾರದವರ ಮೊಕದ್ದಮೆಗಳನ್ನೂ ನಡೆಸುತ್ತಿದ್ದುದರಿಂದ ಬಡವರ ವಕೀಲರೆಂದೇ ಅವರು ಹೆಸರಾದರು.

ಅಂದಿನ ಮಂಗಳೂರಿನಲ್ಲಿ ಶಾಲೆಗಳಿಗೆ ಕೊರತೆಯಿತ್ತೆಂದು ಹೇಳುವಂತಿಲ್ಲ. ಬಾಸೆಲ್ ಮಿಶನ್ 1830ರ ದಶಕದಲ್ಲಿಯೇ ಶಾಲೆಗಳನ್ನು ಆರಂಭಿಸಿತ್ತು. 1868ರಲ್ಲಿ ಸರ್ಕಾರಿ ವಿದ್ಯಾಲಯವೂ 1880ರಲ್ಲಿ ಸಂತ ಅಲೋಶಿಯಸ್ ಕಾಲೇಜೂ ಸ್ಥಾಪನೆಗೊಂಡವು. ಅಮ್ಮೆಂಬಳ ಸುಬ್ಬರಾವ್ ಪೈಯವರು 1891ರಲ್ಲಿ ಕೆನರಾ ಹೈಸ್ಕೂಲನ್ನು ತೆರೆದರು. ಇಷ್ಟೆಲ್ಲ ಇದ್ದರೂ ಪಂಚಮರೆಂದು ಕರೆಯಲ್ಪಡುತ್ತಿದ್ದ ಜಾತಿಗಳ ಮಕ್ಕಳ ಪಾಲಿಗೆ ಅಕ್ಷರವು ದೂರವೇ ಉಳಿದಿತ್ತು. ಕಾನೂನಿನ ನಿಷೇಧಕ್ಕಿಂತಲೂ ಸಹಪಾಠಿಗಳ ಹೆತ್ತವರ ಹಾಗೂ ಊರಿನ ಪ್ರಮುಖರ ವಿರೋಧವೇ ಈ ಮಕ್ಕಳನ್ನು ಹೊಸ್ತಿಲಲ್ಲಿ ತಡೆಯುತ್ತಿತ್ತು. ಬ್ರಹ್ಮ ಸಮಾಜದ ವಿಚಾರಗಳಿಗೆ ಒಲಿದಿದ್ದ ರಂಗರಾಯರು, ಇವರಿಗೆ ಪ್ರತ್ಯೇಕ ಶಾಲೆಯನ್ನು ತೆರೆಯುವುದಲ್ಲದೆ ಅನ್ಯಮಾರ್ಗವಿಲ್ಲವೆಂಬ ನಿರ್ಧಾರಕ್ಕೆ ಬಂದರು.

1892ರಲ್ಲಿ ಉರ್ವ ಚಿಲಿಂಬಿಯಲ್ಲಿ ಅವರ ಮೊದಲ ಶಾಲೆ ಪ್ರಾರಂಭವಾಯಿತು. ವಿರೋಧದ ಕಾರಣ ಅದು ಅಲ್ಲಿ ಹೆಚ್ಚು ಕಾಲ ನಡೆಯಲಿಲ್ಲ, ಸ್ಥಳವನ್ನು ಬದಲಾಯಿಸಬೇಕಾಯಿತು. ಮೇಲ್ಜಾತಿಯ ಶಿಕ್ಷಕರು ಈ ಮಕ್ಕಳಿಗೆ ಪಾಠ ಹೇಳಲು ಮುಂದೆ ಬಾರದಿದ್ದಾಗ ಕ್ರೈಸ್ತ ಶಿಕ್ಷಕರನ್ನು ನೇಮಿಸಿಕೊಳ್ಳಲಾಯಿತು. ರಂಗರಾಯರಿಗೆ ಸ್ವಜಾತಿಯವರಿಂದ ಬಹಿಷ್ಕಾರ ಒದಗಿತು. ಅದರ ಕಷ್ಟವನ್ನು ಅವರೊಬ್ಬರೇ ಅಲ್ಲ, ಪತ್ನಿ ರುಕ್ಮಿಣಿಯವರೂ ಮಕ್ಕಳೂ ಅನುಭವಿಸಿದರು.

ಮಕ್ಕಳನ್ನು ಶಾಲೆಗೆ ಕರೆತರುವುದು ಇನ್ನೊಂದು ಸಮಸ್ಯೆಯಾಗಿತ್ತು. ದಿನಗೂಲಿಯನ್ನೇ ನಂಬಿದ ಮನೆಗಳಲ್ಲಿ ಹುಡುಗನೊಬ್ಬನು ಶಾಲೆಗೆ ಹೋದರೆ ಆ ದಿನದ ಆದಾಯದಲ್ಲಿ ಅಷ್ಟು ಖೋತಾ. ಇದನ್ನರಿತ ರಂಗರಾಯರು ಮಕ್ಕಳಿಗೆ ಮಧ್ಯಾಹ್ನದ ಊಟದ ಏರ್ಪಾಡು ಮಾಡಿದ್ದಲ್ಲದೆ, ಮಕ್ಕಳನ್ನು ಕಳುಹಿಸುವ ಪೋಷಕರಿಗೆ ಕಾಸಿನ ಸಹಾಯವನ್ನೂ ನೀಡಿದರು. ಮಧ್ಯಾಹ್ನದ ಬಿಸಿಯೂಟ, ಪ್ರೋತ್ಸಾಹಧನ ಎಂಬ ಮಾತುಗಳು ಸರ್ಕಾರಿ ಆದೇಶಗಳಲ್ಲಿ ಬಳಕೆಗೆ ಬರುವುದಕ್ಕೆ ಎಷ್ಟೋ ದಶಕಗಳ ಹಿಂದಿನ ಸಂಗತಿ ಇದೆಂಬುದು ಗಮನಾರ್ಹ.

1897ರಲ್ಲಿ ಅವರು ಡಿಪ್ರೆಸ್ಡ್ ಕ್ಲಾಸಸ್ ಮಿಶನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ನಗರದ ಶೇಡಿಗುಡ್ಡೆಯು ಅದರ ಕೇಂದ್ರವಾಯಿತು. ಅಕ್ಷರಾಭ್ಯಾಸದ ಜೊತೆಗೆ ನೇಯ್ಗೆ, ಮರಗೆಲಸ ಮೊದಲಾದ ಕಸುಬುಗಳನ್ನು ಕಲಿಸಲಾಗುತ್ತಿತ್ತು. ಅತ್ತಾವರ, ಮೂಲ್ಕಿ, ಉಡುಪಿಯ ಬನ್ನಂಜೆ, ನೇಜಾರು ಮುಂತಾದೆಡೆಗಳಿಗೂ ಶಾಲೆಗಳು ವಿಸ್ತರಿಸಿದವು. ಓದು ಕಲಿತವನಿಗೆ ಮತ್ತೆ ಹಳೆಯ ಜೀತವೇ ಗತಿಯಾಗಬಾರದೆಂಬುದು ಅವರ ಯೋಜನೆಯ ತಿರುಳಾಗಿತ್ತು. ಆದುದರಿಂದಲೇ ಸರ್ಕಾರಿ ನೌಕರಿ, ಸ್ಥಳೀಯ ಸಂಸ್ಥೆಗಳಲ್ಲಿ ಪ್ರಾತಿನಿಧ್ಯ, ವಾಸಕ್ಕೆ ನಿವೇಶನ ಇವುಗಳಿಗಾಗಿಯೂ ಅವರು ಶ್ರಮಿಸಿದರು. ಸರ್ಕಾರವು ಅವರಿಗೆ ರಾವ್ ಸಾಹೇಬ್ ಬಿರುದನ್ನು ನೀಡಿತು.

ಉಪದೇಶಿಸಿದ್ದನ್ನು ಅವರು ತಮ್ಮ ಮನೆಯಲ್ಲಿಯೂ ಆಚರಿಸಿದರು. ಪುತ್ರಿ ರಾಧಾಬಾಯಿಯವರನ್ನು ಅನ್ಯಜಾತಿಯ ಡಾ. ಪಿ. ಸುಬ್ಬರಾಯನ್ ಅವರಿಗೆ ವಿವಾಹ ಮಾಡಿಕೊಟ್ಟರು. ಸುಬ್ಬರಾಯನ್ 1926ರಿಂದ 1930ರವರೆಗೆ ಮದರಾಸು ಪ್ರಾಂತ್ಯದ ಪ್ರಧಾನ ಸಚಿವರಾಗಿದ್ದರು. ಮದರಾಸು ಹಾಗೂ ಆಕ್ಸ್‌ಫರ್ಡ್‌ಗಳಲ್ಲಿ ವ್ಯಾಸಂಗ ಮಾಡಿದ ರಾಧಾಬಾಯಿಯವರು ಲಂಡನ್ನಿನ ದುಂಡುಮೇಜಿನ ಪರಿಷತ್ತಿನಲ್ಲಿ ಭಾಗವಹಿಸಿದರು.

ಮಿಶನ್ನಿನ ಹೊಣೆಯನ್ನು ಮುಂದೆ, ಗೋಪಾಲಕೃಷ್ಣ ಗೋಖಲೆಯವರು 1905ರಲ್ಲಿ ಸ್ಥಾಪಿಸಿದ್ದ ಸರ್ವೆಂಟ್ಸ್ ಆಫ್ ಇಂಡಿಯಾ ಸೊಸೈಟಿಯು ವಹಿಸಿಕೊಂಡಿತು. 1927ರಲ್ಲಿ ರಂಗರಾಯರು ಸಂನ್ಯಾಸ ಸ್ವೀಕರಿಸಿ ಸ್ವಾಮಿ ಈಶ್ವರಾನಂದರೆನಿಸಿದರು. ಮರುವರ್ಷ ಜನವರಿ 30ರಂದು ಮಂಗಳೂರಿನಲ್ಲಿ ನಿಧನ ಹೊಂದಿದರು. ಅವರ ಇಚ್ಛೆಯಂತೆ ನಗರದ ಜಾಡಮಾಲಿಗಳೇ ಪಾರ್ಥಿವ ಶರೀರಕ್ಕೆ ಹೆಗಲು ಕೊಟ್ಟರು. 1934ರಲ್ಲಿ ಮಂಗಳೂರಿಗೆ ಆಗಮಿಸಿದ ಮಹಾತ್ಮಾ ಗಾಂಧಿಯವರು ರಂಗರಾಯರ ಕಾರ್ಯವನ್ನು ಮುಕ್ತವಾಗಿ ಶ್ಲಾಘಿಸಿದರು.

ತಮ್ಮ ಶಾಲೆಯಲ್ಲಿ ಓದಿದ ದಲಿತ ಬಾಲಕನೊಬ್ಬನು ಸರ್ಕಾರಿ ಹುದ್ದೆಗೇರಿ, ಊರ ರಸ್ತೆಯಲ್ಲಿ ಕಾರಿನಲ್ಲಿ ಸಂಚರಿಸಬೇಕು, ಆ ಕಾರಿನ ಚಕ್ರದಿಂದ ಏಳುವ ಧೂಳು ತಮ್ಮ ತಲೆಗೆ ತಾಗಬೇಕು ಎಂಬುದು ರಂಗರಾಯರ ಹಂಬಲವಾಗಿತ್ತು. ಬಾಬುಗುಡ್ಡೆಯಲ್ಲಿರುವ ಅವರ ಸಮಾಧಿಯಲ್ಲಿ ಈ ಆಶಯವನ್ನು ಕೆತ್ತಲಾಗಿದೆ. ಮಂಗಳೂರಿನ ಪುರಭವನಕ್ಕೆ ಅವರ ಹೆಸರನ್ನಿಡಲಾಗಿದೆ.